ಅಂಕ ಕಡಿಮೆ ಬಂದ ಮಕ್ಕಳ ಮೊದಲ ವಾರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಫೋನ್ ಸುಮ್ಮನಿರುವುದಿಲ್ಲ. ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತುಂಬಾ ಅಂಕ ಪಡೆದವರ ಫೋಟೋ ಬರುತ್ತದೆ, ಕೆಳಗೆ ‘ಮಾಶಾ ಅಲ್ಲಾಹ್’ಗಳ ಸಾಲು. ಅದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಗಣಿತದಲ್ಲಿ ಫೇಲಾದ ಹುಡುಗ ಬಾಗಿಲು ಹಾಕಿ ಕೂತಿರುತ್ತಾನೆ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಾನೆ.

ಕರಾವಳಿಯಲ್ಲಿ ಈ ಭಾರ ಸ್ವಲ್ಪ ಜಾಸ್ತಿಯೇ. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡವೇ ಮೊದಲು. ಹೆಮ್ಮೆಯ ಮಾತು ಹೌದು. ಆದರೆ ಹೆಚ್ಚಿನವರು ಪಾಸಾಗುವ ಊರಿನಲ್ಲಿ ಫೇಲಾದ ಮಗುವಿಗೆ ತಾನೊಬ್ಬನೇ ಹಿಂದೆ ಉಳಿದೆ ಅನಿಸುತ್ತದೆ.

ಇಂತಹ ಮಕ್ಕಳ ಹತ್ತಿರ ಕೂತು ಮಾತಾಡಿದರೆ, ಅವರ ತಲೆಯಲ್ಲಿ ಇರುವುದು ಗಣಿತವಲ್ಲ ಎಂದು ನಮಗೆ ಗೊತ್ತಾಗುತ್ತದೆ. ‘ಸೌದಿಯಲ್ಲಿರುವ ಉಪ್ಪನಿಗೆ ಹೇಗೆ ಹೇಳುವುದು? ಮದುವೆ ಮನೆಯಲ್ಲಿ ಎಲ್ಲರೂ ಕೇಳಿದರೆ ಏನು ಹೇಳುವುದು?’ ಇದೇ ಅವರ ಚಿಂತೆ. ಹಾಗಾಗಿ ಮೊದಲ ಕೆಲಸ ಮನೆಯವರದು. ಉಪ್ಪನಿಗೆ ಉಮ್ಮನೇ ವಿಷಯ ತಿಳಿಸಲಿ. ಉಪ್ಪ ಸಿಟ್ಟು ಇಳಿದ ಮೇಲೆ ಮಗನ ಹತ್ತಿರ ಮಾತಾಡಲಿ. ಮೊದಲ ಮಾತು ‘ಊಟ ಮಾಡಿದೆಯಾ?’ ಎಂದಿರಲಿ. ಕೇಳುವ ನೆಂಟರಿಗೆ ದೊಡ್ಡವರೇ ಉತ್ತರ ಕೊಡಲಿ: ‘ಒಂದು ಸಬ್ಜೆಕ್ಟ್ ಬಾಕಿ ಇದೆ, ಬರೆಯುತ್ತಾನೆ.’ ಅಷ್ಟು ಸಾಕು.

ಎರಡನೆಯದು, ಮಗುವಿನ ಚಿಂತೆಗಳನ್ನು ಒಂದು ಹಾಳೆಯಲ್ಲಿ ಬರೆಸಿ. ಒಂದೊಂದರ ಎದುರು ‘ಇದಕ್ಕೆ ಈ ವಾರ ಏನು ಮಾಡಬಹುದು?’ ಎಂದು ಕೇಳಿ. ‘ಜನ ಏನು ಹೇಳ್ತಾರೆ’ ಎಂಬುದಕ್ಕೆ ಮಾಡುವ ಕೆಲಸ ಏನೂ ಇಲ್ಲ, ಅದನ್ನು ಹೊಡೆದು ಹಾಕಿ. ‘ಗಣಿತ ಹೋಯಿತು’ ಎಂಬುದಕ್ಕೆ ಕೆಲಸ ಇದೆ.

ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಹೋದ ವಿಷಯ ಮಾತ್ರ ಬರೆದರೆ ಸಾಕು. ಪಾಸಾಗಿ ಅಂಕ ಕಡಿಮೆಯಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಚೆನ್ನಾಗಿ ಬರೆದೂ ಅಂಕ ಬಂದಿಲ್ಲ ಎಂದಾದರೆ ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ಎಲ್ಲದಕ್ಕೂ ಕೊನೆಯ ದಿನಾಂಕ ಇರುತ್ತದೆ. ಅಳುತ್ತಾ ಕೂತರೆ ಆ ದಿನ ದಾಟಿ ಹೋಗುತ್ತದೆ. ಎರಡು ದಿನದ ಒಳಗೆ ಮಗುವಿನ ಜೊತೆ ಮನೆಯವರು ಒಬ್ಬರು ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ಕಾಣಿ. ಹಳೆಯ ಪ್ರಶ್ನೆಪತ್ರಿಕೆ ತನ್ನಿ. ದಿನಕ್ಕೆ ಎರಡು ಗಂಟೆ ಒಂದೇ ವಿಷಯ ಓದಲಿ, ಉಳಿದ ಹೊತ್ತು ಆಟವೂ ಇರಲಿ, ನಿದ್ದೆಯೂ ಇರಲಿ.

ಮನೆಯ ಹಿರಿಯರಲ್ಲಿ ಒಂದು ಮಾತು. ಫೇಲಾದ ಹುಡುಗನನ್ನು ಮರುವಾರವೇ ಅಂಗಡಿಗೆ ಕೂರಿಸುವುದು, ಹುಡುಗಿಯನ್ನು ‘ಓದಿದ್ದು ಸಾಕು’ ಎಂದು ನಿಲ್ಲಿಸುವುದು ನಮ್ಮಲ್ಲಿ ಈಗಲೂ ಇದೆ. ಮತ್ತೆ ಬರೆಯುವ ಪರೀಕ್ಷೆ ಮುಗಿಯುವ ತನಕ ಆ ತೀರ್ಮಾನ ಮಾಡಬೇಡಿ. ಪಾಸಾದ ಮೇಲೆ ಪಿಯುಸಿ ಅಲ್ಲದೆ ಐಟಿಐ, ಡಿಪ್ಲೊಮಾ ಕೂಡ ಇದೆ. ‘ನಮಾಝ್ ಸರಿಯಾಗಿ ಮಾಡದ್ದಕ್ಕೇ ಫೇಲಾದೆ’ ಎಂದೂ ಚುಚ್ಚಬೇಡಿ. ಮಗುವಿಗೆ ದುಆ ಧೈರ್ಯ ಕೊಡಬೇಕು, ಹೆದರಿಕೆ ಅಲ್ಲ.

ಹೆಚ್ಚಿನ ಮಕ್ಕಳು ಕೆಲವು ದಿನದಲ್ಲಿ ಸುಧಾರಿಸುತ್ತಾರೆ. ಆದರೆ ನಿದ್ದೆ, ಊಟ ಬಿಟ್ಟು ಯಾರ ಹತ್ತಿರವೂ ಮಾತಾಡದಿದ್ದರೆ, ‘ನಾನು ಇದ್ದು ಏನು ಪ್ರಯೋಜನ’ ಎಂಬ ಮಾತು ಬಾಯಿಂದ ಬಂದರೆ, ಅದನ್ನು ನಾಟಕ ಅನ್ನಬೇಡಿ. ಒಬ್ಬನನ್ನೇ ಬಿಡಬೇಡಿ. ‘ಸಾಯಬೇಕು ಅನಿಸ್ತದಾ?’ ಎಂದು ನೇರವಾಗಿ ಕೇಳಿ, ಕೇಳುವುದರಿಂದ ತೊಂದರೆ ಆಗುವುದಿಲ್ಲ. ತಡ ಮಾಡದೆ ಡಾಕ್ಟರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ನಾವು ನಾಚುವುದಿಲ್ಲ, ಇದಕ್ಕೂ ನಾಚಬೇಕಾಗಿಲ್ಲ.

ಹೋದ ಸಬ್ಜೆಕ್ಟನ್ನು ಇದೇ ವರ್ಷ ಮತ್ತೆ ಬರೆಯಬಹುದು. ಅದಕ್ಕೆ ಮೊದಲು ಮಗು ಬಾಗಿಲು ತೆರೆದು ಹೊರಗೆ ಬಂದು ನಮ್ಮ ಜೊತೆ ಊಟಕ್ಕೆ ಕೂರಬೇಕು.