ನಮ್ಮ ತೋಟದ ಎಲೆ, ಅವರ ಬೀಗ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಕೊಣಾಜೆಗೆ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ಹೊರಳುತ್ತದೆ. ಕುತ್ತಾರು, ದೇರಳಕಟ್ಟೆ, ನಾಟೆಕಲ್, ಅಸೈಗೋಳಿ, ಆಮೇಲೆ ವಿಶ್ವವಿದ್ಯಾನಿಲಯವಿರುವ ಮಂಗಳಗಂಗೋತ್ರಿಯ ಗುಡ್ಡ. ದೇರಳಕಟ್ಟೆ, ನಾಟೆಕಲ್ಲಿನ ಖಾಸಗಿ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳೂ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರೂ ಒಂದೇ ಸೀಟಿನಲ್ಲಿ ಕೂತು ಹೋಗುವ ದಾರಿ ಇದು. ಆದರೆ 2025ರ ಜನವರಿ 1ರಿಂದ ಈ ದಾರಿಯಲ್ಲಿ ಕಣ್ಣಿಗೆ ಕಾಣದ ಒಂದು ಗಡಿ ಬಿದ್ದಿದೆ. ಅಸೈಗೋಳಿಯ ಆಚೆ ಇಳಿಯುವವರಿಗೆ ಲೋಕದ ಸುಮಾರು 13,000 ವಿದ್ವತ್‌ ಪತ್ರಿಕೆಗಳ ಬಾಗಿಲು ಸರಕಾರದ ಖರ್ಚಿನಲ್ಲಿ ತೆರೆಯಿತು. ಈಚೆ ಇಳಿಯುವವರಿಗೆ ತೆರೆಯಲಿಲ್ಲ.

ಆ ಬಾಗಿಲಿನ ಹೆಸರು 'ಒಂದು ದೇಶ, ಒಂದು ಚಂದಾ'. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟ ಯೋಜನೆ. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳು, 1.8 ಕೋಟಿಯಷ್ಟು ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಲೆಕ್ಕ ಹಾಕಿದರೆ ತಲೆಗೆ ವರ್ಷಕ್ಕೆ ಸಾವಿರದ ನೂರು ರೂಪಾಯಿ ಚಿಲ್ಲರೆ. ಸುರತ್ಕಲ್ಲಿನ ಎನ್‌ಐಟಿಕೆಯಂಥ ದೊಡ್ಡ ಸಂಸ್ಥೆ ಮೊದಲಿನಿಂದಲೂ ಚಂದಾ ಕಟ್ಟುತ್ತಿತ್ತು. ನಿಜವಾದ ಲಾಭ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಒಬ್ಬಂಟಿಯಾಗಿ ಸಂಶೋಧನೆ ನಡೆಸುತ್ತಿದ್ದವರಿಗೆ. ಅವರ ಮಟ್ಟಿಗೆ ಇದು ದೊಡ್ಡ ಉಪಕಾರ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಮಂಗಳೂರು ಖಾಸಗಿ ಕಾಲೇಜುಗಳ ಊರು. ದೊಡ್ಡ ಡೀಮ್ಡ್ ವಿಶ್ವವಿದ್ಯಾನಿಲಯಗಳು ತಮ್ಮ ದುಡ್ಡಿನಲ್ಲಿ ಚಂದಾ ಕಟ್ಟಿಯಾವು, ಆ ಖರ್ಚು ಕೊನೆಗೆ ಶುಲ್ಕದಲ್ಲಿ ಸೇರೀತು. ಸಣ್ಣ ಕಾಲೇಜು ಏನು ಮಾಡಬೇಕು? ನಂತರದ ಹಂತದಲ್ಲಿ ಖಾಸಗಿ ಸಂಸ್ಥೆಗಳನ್ನೂ ಸೇರಿಸುವ ಮಾತು ಯೋಜನೆಯಲ್ಲಿದೆ. ಕಾಲೇಜಿನ ಹೊರಗಿರುವವರ ಪಾಡು ಬೇರೆಯೇ.

ಹೊರಗಿರುವವರು ಎಂದಾಗ ನನಗೆ ಮೊದಲು ನೆನಪಾಗುವುದು ಸುಳ್ಯ, ಪುತ್ತೂರಿನ ಅಡಿಕೆ ಕೃಷಿಕ. ಹಳದಿ ಎಲೆ ರೋಗ ತಿಂದ ತೋಟಕ್ಕೆ ಈಗ ಎಲೆಚುಕ್ಕಿ ರೋಗವೂ ಬಂದಿದೆ. ಅವನ ತೋಟದ ಎಲೆಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹೋದ ವಿಜ್ಞಾನಿಗೆ ಸಂಬಳ ಕೊಡುವುದು ಸರಕಾರ, ಪ್ರಯೋಗಾಲಯ ಸರಕಾರದ್ದು, ಎಲೆ ಅವನದ್ದು. ಬರೆದ ಪ್ರಬಂಧ ವಿದೇಶಿ ಪತ್ರಿಕೆಯೊಂದರಲ್ಲಿ ಅಚ್ಚಾದರೆ, ಅದನ್ನು ಓದಲು ಅವನ ಮಗಳು ಮೊಬೈಲಿನಲ್ಲಿ ಹುಡುಕಿದಾಗ ಸಾರಾಂಶದ ಎಂಟು ಸಾಲು ಕಾಣುತ್ತದೆ, ಕೆಳಗೆ ಮೂವತ್ತು ನಲವತ್ತು ಡಾಲರ್ ಬೆಲೆ ಕಾಣುತ್ತದೆ. ಒಂದೇ ಒಂದು ಲೇಖನಕ್ಕೆ!

ಈ ವ್ಯಾಪಾರದ ಒಳಗುಟ್ಟು ತಿಳಿದರೆ ಹೊಟ್ಟೆ ಉರಿಯುತ್ತದೆ. ಬರೆಯುವವರಿಗೆ ಸಂಭಾವನೆ ಇಲ್ಲ. ಬರೆದದ್ದು ಸರಿಯೇ ತಪ್ಪೇ ಎಂದು ಪರಿಶೀಲಿಸುವ ವಿದ್ವಾಂಸರಿಗೂ ಇಲ್ಲ. ಪ್ರಕಟಣೆಗೆ ಮುನ್ನ ಹಕ್ಕನ್ನು ಪ್ರಕಾಶಕನಿಗೆ ಬರೆದುಕೊಡಬೇಕು. ಆಮೇಲೆ ಅದೇ ವಿದ್ವಾಂಸರ ಗ್ರಂಥಾಲಯ ಅದೇ ಲೇಖನವನ್ನು ಹಣ ಕೊಟ್ಟು ಕೊಳ್ಳಬೇಕು. ಎರಡನೇ ಮಹಾಯುದ್ಧದ ನಂತರ ಪರ್ಗಮಾನ್ ಪ್ರೆಸ್ ಕಟ್ಟಿದ ರಾಬರ್ಟ್ ಮ್ಯಾಕ್ಸ್‌ವೆಲ್ ಇದರ ರುಚಿ ಕಂಡವನು. ಅಕ್ಕಿ ಈ ಅಂಗಡಿಯಲ್ಲಿ ದುಬಾರಿಯಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಒಂದು ಪತ್ರಿಕೆಯಲ್ಲಿ ಬಂದ ಪ್ರಬಂಧ ಬೇರೊಂದು ಪತ್ರಿಕೆಯಲ್ಲಿ ಸಿಗುವುದಿಲ್ಲ, ಹಾಗಾಗಿ ಬೆಲೆ ಎಷ್ಟು ಏರಿಸಿದರೂ ಗ್ರಂಥಾಲಯ ತೆಪ್ಪಗೆ ಕೊಡಲೇಬೇಕು. 1991ರಲ್ಲಿ ಅವನು ಪರ್ಗಮಾನನ್ನು ಎಲ್ಸೆವಿಯರ್‌ಗೆ ಮಾರಿದ. ಎಲ್ಸೆವಿಯರ್‌ನ ಮಾತೃಸಂಸ್ಥೆ ರೆಲ್ಕ್ಸ್ ಈ ವಿಭಾಗದಲ್ಲಿ ನೂರು ರೂಪಾಯಿ ಗಳಿಸಿದರೆ ಅದರಲ್ಲಿ ಸುಮಾರು 38 ರೂಪಾಯಿ ಲಾಭ.

ಓದುಗರಿಗೆ ಉಚಿತವಾಗಲಿ ಎಂಬ ಒತ್ತಾಯ ಬಂದಾಗ ಪ್ರಕಾಶಕರು ಬಿಲ್ಲನ್ನು ಲೇಖಕನ ಕೈಗಿತ್ತರು. 'ನೇಚರ್' ಪತ್ರಿಕೆ 2021ರಲ್ಲಿ ಮುಕ್ತ ಪ್ರಕಟಣೆಗೆ ಇಟ್ಟ ಶುಲ್ಕ 9,500 ಯೂರೊ, ಅಂದರೆ ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ. ಈ ಶುಲ್ಕದ ನೆರಳಿನಲ್ಲೇ ಕಳ್ಳ ಪತ್ರಿಕೆಗಳೂ ಹುಟ್ಟಿದವು. ಕೆಲವು ಸಾವಿರ ರೂಪಾಯಿ ಕಟ್ಟಿದರೆ ವಾರದಲ್ಲಿ ಪ್ರಕಟಣೆ, ಪರಿಶೀಲನೆಯ ಗೊಡವೆಯೇ ಇಲ್ಲ. ಪಿಎಚ್.ಡಿ.ಗೆ ಪ್ರಕಟಣೆ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ತೆಗೆಯಿತು, ಒಳ್ಳೆಯ ಪತ್ರಿಕೆಗಳನ್ನು ಗುರುತಿಸುವ ತನ್ನ 'ಕೇರ್' ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಬಡ್ತಿಗೆ ಅಂಕ ಎಣಿಸುವ ಚಾಳಿ ಮಾತ್ರ ಉಳಿದಿದೆ. ಅದು ಇರುವಷ್ಟು ಕಾಲ ಈ ಅಂಗಡಿಗಳೂ ಮುಚ್ಚಲಾರವು.

ಇನ್ನು ಕಾನೂನು. ಬೀಗ ಒಡೆದು ಲೇಖನಗಳನ್ನು ಹಂಚುವ ಸೈ-ಹಬ್ ತಾಣದ ವಿರುದ್ಧ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟಿನಲ್ಲಿ ತಾಣವನ್ನು ತಡೆಯುವ ಆದೇಶ ಬಂತು. ಬಾಗಿಲು ಒಡೆಯುವುದು ಸರಿ ಎಂದು ನಾನು ವಾದಿಸುವುದಿಲ್ಲ. ಆದರೆ ಅದೇ ನ್ಯಾಯಾಲಯ ಇನ್ನೊಂದು ಮೊಕದ್ದಮೆಯಲ್ಲಿ ಹೇಳಿದ್ದನ್ನು ಮರೆಯಬಾರದು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. ಪಾಠಕ್ಕಾಗಿ ಪುಟಗಳ ಪ್ರತಿ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ ಎಂದು 2016ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ತೀರ್ಪಿತ್ತರು. ಕೃತಿಸ್ವಾಮ್ಯ ದೇವರು ಕೊಟ್ಟ ಹಕ್ಕಲ್ಲ, ಸಮಾಜ ತನ್ನ ಒಳಿತಿಗಾಗಿ ಕೊಟ್ಟದ್ದು ಎಂಬುದು ಆ ತೀರ್ಪಿನ ತಿರುಳು. ಪಾಠದ ಪ್ರತಿ ಹಿಡಿದು ಅಂಜುತ್ತಾ ನಿಲ್ಲುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಬೀಗವಿಲ್ಲದ ಪತ್ರಿಕೆ ನಡೆಸಲು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಮೀನುಗಾರಿಕಾ ದಕ್ಕೆಯ ಕಡೆ ಕೈ ತೋರಿಸುತ್ತೇನೆ. ಇಲ್ಲಿನ ಭೂತಾಯಿ, ಬಂಗುಡೆ ಮೀನುಗಳ ಏರಿಳಿತದ ಕತೆ ದಶಕಗಳಿಂದ ದಾಖಲಾಗಿರುವ 'ಇಂಡಿಯನ್ ಜರ್ನಲ್ ಆಫ್ ಫಿಶರೀಸ್' 1954ರಿಂದ ಬರುತ್ತಿದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಯಾರು ಬೇಕಾದರೂ ಕಾಸು ಕೊಡದೆ ಓದುವಂತೆ ಇಟ್ಟಿದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ 2007ರಲ್ಲಿ ಸ್ಪ್ರಿಂಗರ್ ಜೊತೆ ಒಪ್ಪಂದ ಮಾಡಿಕೊಂಡಾಗಲೂ ತನ್ನ ತಾಣದಲ್ಲಿ ಲೇಖನಗಳನ್ನು ಎಲ್ಲರಿಗೂ ತೆರೆದೇ ಇಟ್ಟಿತು. ಗಟ್ಟಿಯಾಗಿ ಕೇಳಿದರೆ ಪ್ರಕಾಶಕರೂ ಒಪ್ಪುತ್ತಾರೆ. 6,000 ಕೋಟಿಯ ಒಂದು ಸಣ್ಣ ಪಾಲನ್ನು ಇಂಥ ಪತ್ರಿಕೆಗಳ ಸಂಪಾದಕರಿಗೆ, ಸರ್ವರಿಗೆ, ಅಚ್ಚುಕಟ್ಟಾದ ಪರಿಶೀಲನೆಗೆ ಕೊಟ್ಟರೆ ಅದು ಬಾಡಿಗೆಯಲ್ಲ, ಸ್ವಂತ ಮನೆ. ಚಂದಾ ಮೂರು ವರ್ಷಕ್ಕೆ ಮುಗಿಯುತ್ತದೆ.

ಕನ್ನಡದ ವಿದ್ವತ್‌ ಪತ್ರಿಕೆಗಳ ಕಷ್ಟ ಇದರ ತದ್ವಿರುದ್ಧ. 1919ರಲ್ಲಿ ಶುರುವಾದ 'ಪ್ರಬುದ್ಧ ಕರ್ನಾಟಕ'ದ ಸಾಲಿನ ಪತ್ರಿಕೆಗಳಿಗೆ ಯಾರೂ ಬೀಗ ಹಾಕಿಲ್ಲ, ಆದರೂ ಅವು ಸಿಗುವುದಿಲ್ಲ. ಕೆಲವು ನೂರು ಪ್ರತಿ ಅಚ್ಚಾಗಿ, ಕಪಾಟು ಸೇರಿ, ಗೆದ್ದಲಿನ ಪಾಲಾಗುವುದು ಅವುಗಳ ವಿಧಿ. ಅವನ್ನು ಸ್ಕ್ಯಾನ್ ಮಾಡಿ ಹಂಚಲು ಒಪ್ಪಿಗೆ ಯಾರಿಂದ ಪಡೆಯುವುದು ಎಂಬ ಅಂಜಿಕೆ ಬೇರೆ. ಇಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ನೆರವಿಗೆ ಬರುತ್ತದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಅದು ಐದೇ ವರ್ಷ. ಹಾಗಾಗಿ ಏನನ್ನೂ ಬರೆದುಕೊಡದೆ ಪತ್ರಿಕೆಗೆ ಲೇಖನ ಕಳಿಸಿದ ಸ್ವತಂತ್ರ ವಿದ್ವಾಂಸರ ಹಕ್ಕು ಅವರಲ್ಲೇ ಇದೆ. ಬದುಕಿರುವವರು ಒಂದು ಸಹಿ ಹಾಕಿ ಅದನ್ನು ಲೋಕಕ್ಕೆ ಬಿಟ್ಟುಕೊಡಬಹುದು.

ತೀರಿಹೋದವರ ಬರಹಕ್ಕೆ ಅರವತ್ತು ವರ್ಷ ಕಾಯಬೇಕು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರು ತೀರಿದ್ದು 1996ರಲ್ಲಿ. ಅವರ ಛಂದಸ್ಸಿನ ವಿಚಾರ, ಶಬ್ದಗಳ ಜಾಡು ಹಿಡಿದ ಪ್ರಬಂಧಗಳು 2056 ಮುಗಿಯುವವರೆಗೆ ವಾರಸುದಾರರ ಸ್ವತ್ತು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ತುಳುನಾಡಿನ ಇತಿಹಾಸದ ಮೇಲೆ, ಹಳಗನ್ನಡ ಕವಿಗಳ ಕಾಲದ ಮೇಲೆ ಅವರು ಬದುಕಿದ್ದಾಗ ಪತ್ರಿಕೆಗಳಲ್ಲಿ ಪ್ರಕಟಿಸಿದ್ದೆಲ್ಲ 2024ರ ಜನವರಿ 1ರಿಂದ ನಮ್ಮೆಲ್ಲರದ್ದು. ಯಾರ ಅಪ್ಪಣೆಯೂ ಬೇಡ. ಆ ಹಳೆಯ ಸಂಚಿಕೆಗಳ ಕಪಾಟಿನ ಕೀಲಿ ಹುಡುಕಿ, ಧೂಳು ಕೊಡವಿ, ಪುಟ ಪುಟವೂ ಸ್ಕ್ಯಾನ್ ಮಾಡಲು ಕೂರುವ ಇಬ್ಬರು ಬೇಕಾಗಿದ್ದಾರೆ, ಈ ಮಳೆಗಾಲದ ಒಳಗೆ.