ದ್ರುತ್ ಬಂದಾಗ ಮುಳ್ಳಿಗೆ ಪರೀಕ್ಷೆ

ಹಳೆಯ ಎಲ್‌ಪಿ ತಟ್ಟೆಗಳನ್ನು ಮತ್ತೆ ಕೇಳಬೇಕೆನ್ನುವವರು ಟರ್ನ್‌ಟೇಬಲ್ ಕೊಂಡರಷ್ಟೇ ಸಾಲದು. ಗೀರಿನಲ್ಲಿ ಓಡುವ ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವುದು ಕಾರ್ಟ್ರಿಡ್ಜ್ ಎಂಬ ಪುಟ್ಟ ಸಾಧನ. ಇದರಲ್ಲಿ ಮುಖ್ಯವಾಗಿ ಎರಡು ಬಗೆ: ಮೂವಿಂಗ್ ಮ್ಯಾಗ್ನೆಟ್ ಮತ್ತು ಮೂವಿಂಗ್ ಕಾಯಿಲ್. ಕೈಗೆಟುಕುವ ಬೆಲೆಯವು ಹೆಚ್ಚಾಗಿ ಮೊದಲನೆಯ ಬಗೆಯವು. ಸವೆದರೆ ಮುಳ್ಳನ್ನಷ್ಟೇ ಬದಲಿಸಬಹುದು.

ಶಾಸ್ತ್ರೀಯ ಸಂಗೀತ ಕೇಳುವವರು ಮುಳ್ಳಿನ ತುದಿಯ ಆಕಾರವನ್ನೂ ನೋಡಬೇಕು. ಎಲ್‌ಪಿಯ ಹೊರ ಅಂಚಿನಲ್ಲಿ ಒಂದು ಸುತ್ತಿನ ಗೀರು ಸುಮಾರು 90 ಸೆಂ.ಮೀ.; ಒಳ ಅಂಚಿನಲ್ಲಿ ಸುಮಾರು 40. ಸುತ್ತಿನ ಅವಧಿ ಮಾತ್ರ ಎಲ್ಲೆಡೆ 1.8 ಸೆಕೆಂಡು. ಹಾಗಾಗಿ ಒಳಗೆ ಹೋದಂತೆ ನಾದಕ್ಕೆ ಜಾಗ ಇಕ್ಕಟ್ಟು. ಹಿಂದೂಸ್ತಾನಿ ಗಾಯನದ ಎಲ್‌ಪಿಯಲ್ಲಿ ಒಂದು ಮಗ್ಗುಲಿಗೆ ಒಂದು ರಾಗವಿದ್ದರೆ, ವಿಲಂಬಿತ್ ಹೊರಗೆ ಹರಡಿಕೊಳ್ಳುತ್ತದೆ. ದ್ರುತ್ ತಾನುಗಳು ಬೀಳುವುದು ಈ ಇಕ್ಕಟ್ಟಿನಲ್ಲೇ. ದುಂಡು ತುದಿ ಅಲ್ಲಿ ತಡವರಿಸಿ ದನಿ ಒಡೆಯಬಹುದು. ಅಂಡಾಕಾರದ ತುದಿ ಸೂಕ್ಷ್ಮ ತಿರುವುಗಳನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ.

ಆಡಿಯೋ-ಟೆಕ್ನಿಕಾ ವಿಎಂ95ಇ, ಆರ್ಟೊಫಾನ್ 2ಎಂ ರೆಡ್ ಅಂಥವು. ಇವುಗಳ ಮುಳ್ಳು ತಟ್ಟೆಯನ್ನು ಒತ್ತಬೇಕಾದ ಭಾರ ಸುಮಾರು 2 ಗ್ರಾಂ. 78 ವೇಗದ ತಟ್ಟೆಗಳ ಗೀರು ಬಹಳ ಅಗಲ. ಅದಕ್ಕೆ ಬೇರೆ ಮುಳ್ಳೇ ಬೇಕು.

ಸವೆದ ಮುಳ್ಳು ತಟ್ಟೆಯನ್ನೇ ಕೊರೆಯುತ್ತದೆ. ಮುಳ್ಳು ಅಂಗಡಿಯಲ್ಲಿ ಮತ್ತೆ ಸಿಕ್ಕೀತು. ಮುದ್ರಣ ನಿಂತುಹೋದ ತಟ್ಟೆ ಸಿಗುವುದು ಕಷ್ಟ.