ಕಬ್ಬಿನ ಲೋಡ್‌ನಲ್ಲಿ ಎಂಜಿನ್ ಕಾದರೆ: ಮುಚ್ಚಳಕ್ಕೆ ಕೈ ಹಾಕುವ ಮೊದಲು ಇಷ್ಟು ನೋಡಿ

ಹೋದ ಸಲ ಕಬ್ಬು ಕಟಾವಿನ ಹೊತ್ತು. ಮಳವಳ್ಳಿ ಕಡೆಯಿಂದ ಕೆ.ಎಂ. ದೊಡ್ಡಿಗೆ ಲೋಡ್ ಹೊಡೀತಿದ್ದೆ. ಉರಿ ಬಿಸಿಲು, ಎದುರಿಗೆ ಏರು. ಅರ್ಧ ಏರು ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಬಂತು, ಬಾನೆಟ್ ಸಂದಿಯಿಂದ ಆವಿ ಎದ್ದಿತು. ಟ್ರ್ಯಾಕ್ಟರ್ ಪಕ್ಕಕ್ಕೆ ಹಾಕಿದೆ. ಜೊತೆಗಿದ್ದ ಅಕ್ಕನ ಮಗ ಕೈಗೆ ಟವಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ಹಿಡಿದೇಬಿಟ್ಟ.

"ಬುಡ್ಲಾ ಅದನ್ನ! ಮುಖ ಬೆಂದೋಯ್ತದೆ" ಅಂತ ಕೂಗಿ ಅವನನ್ನು ಎಳೆದುಕೊಂಡೆ. ಹಿಂದೊಮ್ಮೆ ನಾನೂ ಅದೇ ತಪ್ಪು ಮಾಡಿದ್ದೆ. ಎಡಗೈ ಮೇಲೆ ಅದರ ಕಲೆ ಇನ್ನೂ ಹೋಗಿಲ್ಲ.

ರೇಡಿಯೇಟರ್ ಒಳಗೆ ನೀರು ಒತ್ತಡದಲ್ಲಿರುತ್ತದೆ. ಹಾಗಾಗಿ 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ರಸ್ತೆಯಲ್ಲಿ ಏನು ಮಾಡಬೇಕು?

ಮುಳ್ಳು ಏರಿದೆ, ಆದರೆ ನೀರು ಸೋರುತ್ತಿಲ್ಲ, ಬೆಲ್ಟ್ ಸರಿಯಿದೆ ಅಂದರೆ ಎಂಜಿನ್ನನ್ನು ಎರಡು ಮೂರು ನಿಮಿಷ ಸ್ಲೋನಲ್ಲಿ ಓಡಲು ಬಿಡಿ. ಫ್ಯಾನು, ಪಂಪು ಓಡುತ್ತಿದ್ದರೆ ಶಾಖ ನಿಧಾನಕ್ಕೆ ಇಳಿಯುತ್ತದೆ. ಆವಿ ಬರುತ್ತಿದ್ದರೆ, ಹೋಸ್ ಒಡೆದಿದ್ದರೆ, ಬೆಲ್ಟ್ ಕಿತ್ತಿದ್ದರೆ ತಕ್ಷಣ ಆಫ್ ಮಾಡಿ. ಆಮೇಲೆ ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆಯೇ ಮುಚ್ಚಳ ತೆಗೆಯಿರಿ. ಕಾದ ಎಂಜಿನ್‌ಗೆ ಕಾಲುವೆಯ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ನಾನು ಮಾಡಿದ ತಪ್ಪು

ಅವತ್ತು ಹತ್ತಿರದ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು ಕೈಗೆ ಕೊಟ್ಟ. "ಇದೇ ಕಣಣ್ಣ ತೊಂದ್ರೆ, ಬಿಸಾಕು" ಅಂದ. ಲೋಡ್ ತಲುಪಿದರೆ ಸಾಕು ಅಂತ ನಾನೂ ಸುಮ್ಮನಾದೆ. ಎರಡು ದಿನ ಹಾಗೇ ಓಡಿಸಿದೆ. ಮೂರನೇ ದಿನ ಇನ್ನೂ ಜಾಸ್ತಿ ಕಾಯ್ತು.

ಥರ್ಮೋಸ್ಟಾಟ್ ಇಲ್ಲದೆ ಓಡಿಸಿದರೆ ಹಗುರ ಕೆಲಸದಲ್ಲಿ ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಬೈಪಾಸ್ ಇರುವ ಎಂಜಿನ್‌ನಲ್ಲಿ ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತಿ, ಲೋಡ್‌ನಲ್ಲಿ ಕಾವು ಇನ್ನೂ ಏರಬಹುದು. ಅನುಮಾನ ಇದ್ದರೆ ಬಿಚ್ಚಿ, ಪಾತ್ರೆ ನೀರಿನಲ್ಲಿ ಹಾಕಿ ಕಾಯಿಸಿ. ನೀರು ಕುದಿಯುವ ಮುಂಚೆಯೇ ಅದು ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ, ಜಾಗ ಖಾಲಿ ಬಿಡಬೇಡಿ.

"ಯಾವಾಗ ಕಾಯ್ತದೆ?"

ಕೊನೆಗೆ ಮದ್ದೂರಿನ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಕೇಳಿದ್ದು, "ಯಾವಾಗ ಕಾಯ್ತದೆ, ಅದನ್ನ ಹೇಳಪ್ಪ." ಅರ್ಧ ಉತ್ತರ ಈ ಪ್ರಶ್ನೆಯಲ್ಲೇ ಇದೆ.

• ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೇ ಕಾದರೆ: ನೀರು ಕಡಿಮೆ ಇದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡು ಸಿಕ್ಕಿದೆ.
• ನಿಂತಾಗ, ನಿಧಾನಕ್ಕೆ ಹೋಗುವಾಗ ಕಾದರೆ: ಗಾಳಿಯ ತೊಂದರೆ. ಫ್ಯಾನ್, ಬೆಲ್ಟ್, ಜಾಲರಿ ನೋಡಿ. ಮಂಡ್ಯ ಪೇಟೆಯ ಟ್ರಾಫಿಕ್‌ನಲ್ಲಿ ಕಾದು ಹೆದ್ದಾರಿಯಲ್ಲಿ ಸರಿಹೋಗುವ ಕಾರಿಗೆ ಕರೆಂಟ್ ಫ್ಯಾನಿನ ಫ್ಯೂಸ್, ರಿಲೇ ನೋಡಿಸಿ.
• ಏರಿನಲ್ಲಿ, ಲೋಡ್‌ನಲ್ಲಿ ಮಾತ್ರ ಕಾದರೆ: ರೇಡಿಯೇಟರ್ ಕಟ್ಟಿದೆ, ಇಲ್ಲವೇ ಪಂಪ್ ದುರ್ಬಲವಾಗಿದೆ.
• ರೇಡಿಯೇಟರ್‌ನಲ್ಲಿ ಗುಳ್ಳೆ, ಬಿಳಿ ಹೊಗೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ: ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮತ್ತೆ ಸ್ಟಾರ್ಟ್ ಮಾಡಬೇಡಿ.

ನಮ್ಮದರಲ್ಲಿ ಜಾಲರಿ ತುಂಬಾ ಕಬ್ಬಿನ ರವದಿ ಚೂರು, ಧೂಳು ಮೆತ್ತಿತ್ತು. ಬೆಲ್ಟ್ ಸಡಿಲ. ಒಳಗೆ, ನೀರು ಕಾಯಿಸೋ ಪಾತ್ರೆ ತಳದಲ್ಲಿ ಕಟ್ಟುತ್ತಲ್ಲ, ಅಂಥದ್ದೇ ಬಿಳೀ ಗಾರೆ. "ಬೋರ್ ನೀರು ಹುಯ್ತಿದ್ಯಾ?" ಅಂದರು. ಮೂರು ವರ್ಷದಿಂದ ಅದನ್ನೇ ಹುಯ್ತಿದ್ದೆ. ಗಡಸು ನೀರಿನ ಸುಣ್ಣ ಕೊಳವೆಗಳನ್ನು ಕಟ್ಟಿಸಿತ್ತು. ಎರಡು ದಿನ ಕಾಯಿಸಿಕೊಂಡು ಓಡಿಸಿದ್ದಕ್ಕೆ ಗ್ಯಾಸ್ಕೆಟ್ಟೂ ಹೋಗಿ, ಹೆಡ್ ಬೆಂಡಾಗಿತ್ತು. ಐದು ದಿನ ಟ್ರ್ಯಾಕ್ಟರ್ ನಿಂತಿತು. ಕಡಿದ ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಕಳೆದುಕೊಂಡಿತು. ರಿಪೇರಿ ಬಿಲ್‌ಗಿಂತ ಹೊಟ್ಟೆ ಉರಿಸಿದ್ದು ಅದು.

ಈಗ ನಾನು ಮಾಡುತ್ತಿರುವುದು

• ಕಟಾವಿನ ಕಾಲದಲ್ಲಿ ದಿನಾ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ನೀರಿನ ಮಟ್ಟ ನೋಡುತ್ತೇನೆ.
• ಸಂಜೆ ಜಾಲರಿ ಬಿಡಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ಮೆತ್ತಗೆ ಗಾಳಿ ಹೊಡೆಯುತ್ತೇನೆ. ಜೋರು ಪ್ರೆಶರ್ ನೀರು ಬಿಟ್ಟರೆ ರೇಡಿಯೇಟರ್‌ನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.
• ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಸುಮಾರು ಒಂದು ಸೆಂಟಿಮೀಟರ್ ಬಗ್ಗಿದರೆ ಸಾಕು. ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಪುಸ್ತಕದಲ್ಲಿರುತ್ತದೆ.
• ಬೋರ್ ನೀರು ಬಂದ್. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ರೆಡಿ ಮಿಕ್ಸ್ ಕೂಲಂಟ್ ಆದರೆ ನೀರು ಬೆರೆಸುವ ಹಾಗಿಲ್ಲ.
• ರಬ್ಬರ್ ಸತ್ತ ರೇಡಿಯೇಟರ್ ಮುಚ್ಚಳವನ್ನು ಬದಲಾಯಿಸಿದೆ. ಒತ್ತಡ ಹಿಡಿಯದ ಮುಚ್ಚಳ ಇದ್ದರೆ ನೀರು ಬೇಗ ಕುದಿಯುತ್ತದೆ.

ಇನ್ನೊಂದು ಮಾತು. ಹಳೇ ಕೂಲಂಟನ್ನು ಕೊಟ್ಟಿಗೆ ಹತ್ತಿರ ಚೆಲ್ಲಬೇಡಿ. ಅದು ಸಿಹಿ, ಆದರೆ ವಿಷ. ದನ, ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಟ್ರ್ಯಾಕ್ಟರ್ ಬಿಡುತ್ತಿಲ್ಲ. ಮದ್ದೂರು, ಮಂಡ್ಯ ಕಡೆ ಲೋಡ್ ಹೊಡೆಯುವವರು ಸರ್ವಿಸ್ ರಸ್ತೆಯಲ್ಲಿ ನಿಂತು ನಿಂತು ಹೋಗಬೇಕು. ಅಲ್ಲಿ ಎಂಜಿನ್‌ಗೆ ಗಾಳಿ ಕಡಿಮೆ, ದುಡಿಮೆ ಜಾಸ್ತಿ. ಕಟಾವಿಗೆ ಆಳು ಹೇಳುವ ಮುಂಚೆ ಒಂದು ಬೆಳಿಗ್ಗೆ ರೇಡಿಯೇಟರ್‌ಗೆ ಕೊಡಿ. ನನ್ನ ಹಾಗೆ ಕಬ್ಬು ಕಡಿಸಿ, ಗಾಡಿ ನಿಲ್ಲಿಸಿಕೊಂಡು ಕೂರಬೇಡಿ.